ಹಳೆಯ ಅಂಚೆಚೀಟಿಗಳನ್ನು ಕಾಪಾಡುವ ಬಗೆ

ಸೇಡಮಿನ ನಮ್ಮ ಹಳೆಯ ಮನೆಯಲ್ಲಿ ತಗಡಿನ ಒಂದು ಟ್ರಂಕು ಇದ್ದಿತು. ನಮ್ಮ ಮುತ್ಯಾ ತೀರಿಕೊಂಡ ಮೇಲೆ ಹಲವು ವರ್ಷ ಅದನ್ನು ಯಾರೂ ತೆರೆಯಲಿಲ್ಲ. ಮಳೆಗಾಲದ ಕೊನೆಯ ಒಂದು ಮಧ್ಯಾಹ್ನ ನಾನು ಅದರ ಮುಚ್ಚಳವನ್ನೆತ್ತಿದೆ. ಒಳಗೆ ಬಟ್ಟೆಬರೆಗಳ ನಡುವೆ ಅವರು ಕೂಡಿಟ್ಟ ಅಂಚೆಚೀಟಿಗಳ ಎರಡು ಆಲ್ಬಮ್ಮುಗಳಿದ್ದವು. ಒಂದು ಟ್ರಂಕಿನ ತಳದಲ್ಲಿಯೂ ಇನ್ನೊಂದು ಧೋತರಗಳ ಮೇಲ್ಭಾಗದಲ್ಲಿಯೂ ಇದ್ದಿತು. ಎರಡೂ ಒಂದೇ ಅಂಗಡಿಯಲ್ಲಿ ಕೊಂಡವು. ಕಾಗದವೂ ಒಂದೇ, ವಯಸ್ಸೂ ಒಂದೇ. ಮೇಲಿನ ಆಲ್ಬಮ್ಮಿನ ಹಾಳೆಗಳು ಹಳದಿಯಾಗಿದ್ದರೂ ಸುಸ್ಥಿತಿಯಲ್ಲಿದ್ದವು. ತಳದ ಆಲ್ಬಮ್ಮಿನ ಹಾಳೆಗಳಾದರೋ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಅಂಚಿನಲ್ಲಿ ಬೂದುಬಣ್ಣದ ಬೂಷ್ಟು ಹಬ್ಬಿದ್ದಿತು.

ಟ್ರಂಕಿನೊಳಗೆ ಮಳೆಯ ನೀರು ಹೊಕ್ಕಿರಲಿಲ್ಲ, ಮಾಳಿಗೆಯೂ ಸೋರಿರಲಿಲ್ಲ. ಹಾಗಾದರೆ ಒಂದೇ ಪೆಟ್ಟಿಗೆಯಲ್ಲಿದ್ದ ಎರಡು ಪುಸ್ತಕಗಳಿಗೆ ಎರಡು ಬಗೆಯ ಗತಿ ಒದಗಿದ್ದೇಕೆ? ಈ ಪ್ರಶ್ನೆಗೆ ಉತ್ತರ ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇರುವುದು. ಆ ಉತ್ತರವನ್ನು ಅರಿತವನಿಗೆ ಹಳೆಯ ಸಂಗ್ರಹವನ್ನು ಕಾಪಾಡುವ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆಯೇ ಸರಿ.

ನಮ್ಮ ಸೀಮೆಯ ಚೀಟಿಗಳು

ಮೊದಲು ಈ ಚೀಟಿಗಳ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಇವೆಲ್ಲ ಹಿಂದೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನಕ್ಕೆ ತನ್ನದೇ ಆದ ನಾಣ್ಯವಿದ್ದಂತೆ ತನ್ನದೇ ಆದ ಅಂಚೆಯೂ ಇದ್ದಿತು. ಅದರ ಮೊದಲ ಅಂಚೆಚೀಟಿ 1869ರಲ್ಲಿ ಹೊರಬಂದಿತು. 1871ರಲ್ಲಿ ಬಂದ ಮಾದರಿಗೆ ಸಂಗ್ರಾಹಕರು ‘ಅಸ್ಥಿಪಂಜರ’ವೆಂದು ಹೆಸರಿಟ್ಟಿದ್ದಾರೆ, ಅದರ ತೆಳುಗೆರೆಗಳ ವಿನ್ಯಾಸವೇ ಈ ಹೆಸರಿಗೆ ಕಾರಣ. 1931ರ ಸಾಲಿನಲ್ಲಿ ಚಿತ್ರಗಳು ಕಾಣಿಸಿಕೊಂಡವು: ಒಂದು ಆಣೆಗೆ ಚಾರ್‌ಮಿನಾರ್, ಎರಡು ಆಣೆಗೆ ಉಚ್ಚ ನ್ಯಾಯಾಲಯ, ನಾಲ್ಕು ಆಣೆಗೆ ಉಸ್ಮಾನ್ ಸಾಗರ, ಎಂಟು ಆಣೆಗೆ ಅಜಂತೆಯ ಗುಹಾದ್ವಾರ, ಹನ್ನೆರಡು ಆಣೆಗೆ ಬೀದರಿನ ಮದರಸಾ, ಒಂದು ರೂಪಾಯಿಗೆ ದೌಲತಾಬಾದಿನ ವಿಜಯಸ್ತಂಭ. ಇವುಗಳಲ್ಲಿ ಬೀದರಿನ ಮದರಸಾ ಇಂದು ಕರ್ನಾಟಕದಲ್ಲಿದೆ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1950ರಲ್ಲಿ ಅದರ ಅಂಚೆಯು ಭಾರತೀಯ ಅಂಚೆಯಲ್ಲಿ ಲೀನವಾಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ವಿಶಾಲ ಮೈಸೂರಿಗೆ ಬಂದಿತು. ಸುಮಾರು ಎಂಬತ್ತು ವರ್ಷ ಬಾಳಿದ ಒಂದು ಅಂಚೆವ್ಯವಸ್ಥೆಯ ಕುರುಹು ಇಂದು ಇಂತಹ ಮನೆಯ ಟ್ರಂಕುಗಳಲ್ಲಿ ಉಳಿದಿದೆ. ಸಂಸ್ಥಾನದ ಚೀಟಿಗೆ ಸಂಸ್ಥಾನದ ಎಲ್ಲೆಯೊಳಗೆ ಮಾತ್ರ ಬೆಲೆ ಇದ್ದಿತು. ಸೊಲ್ಲಾಪುರಕ್ಕೋ ಮುಂಬಯಿಗೋ ಬರೆಯುವವರು ಬ್ರಿಟಿಷ್ ಭಾರತದ ಚೀಟಿಯನ್ನು ಹಚ್ಚಬೇಕಾಗಿದ್ದಿತು. ಆದ್ದರಿಂದಲೇ ನಮ್ಮ ಕಡೆಯ ಹಳೆಯ ಆಲ್ಬಮ್ಮುಗಳಲ್ಲಿ ನಿಜಾಮರ ಚೀಟಿಗಳೂ ಜಾರ್ಜ್ ದೊರೆಯ ಚೀಟಿಗಳೂ ಅಕ್ಕಪಕ್ಕದಲ್ಲಿ ದೊರೆಯುತ್ತವೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆಯಿತು; ಚಿತ್ತಾಪುರ, ಸೇಡಂ ಆ ದಾರಿಯ ಮೇಲಿನ ಊರುಗಳು. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ಯಾವ ಊರಿನ ಮುದ್ರೆ ಯಾವ ಚೀಟಿಯ ಮೇಲೆ ಬಿದ್ದಿದೆ ಎಂಬುದನ್ನು ನೋಡಿಯೇ ಒಂದು ಕಾಗದ ಹೊರಟ ಸ್ಥಳವನ್ನೂ ಕಾಲವನ್ನೂ ಊಹಿಸಬಹುದು. ಆದ್ದರಿಂದ ಚೀಟಿಯಷ್ಟೇ ಅಲ್ಲ, ಅದರ ಮೇಲಿನ ಮುದ್ರೆಯೂ ಅದು ಅಂಟಿರುವ ಲಕೋಟೆಯೂ ಚರಿತ್ರೆಯ ಸಾಧನಗಳೇ.

ಚೀಟಿಯೊಳಗಿನ ಮೂರು ವಸ್ತುಗಳು

ಅಂಚೆಚೀಟಿ ನೋಡಲು ಒಂದೇ ವಸ್ತುವಾದರೂ ವಾಸ್ತವವಾಗಿ ಅದರಲ್ಲಿ ಮೂರು ಇವೆ: ಕಾಗದ, ಅದರ ಮುಖದ ಮೇಲೆ ಬಣ್ಣ, ಬೆನ್ನಿನ ಮೇಲೆ ಅಂಟು. ಕಾಗದವು ಸೆಲ್ಯುಲೋಸ್ ಎಂಬ ಸಸ್ಯದ್ರವ್ಯದ ನಾರುಗಳ ಹೆಣಿಗೆ. ಬಣ್ಣವು ಖನಿಜದಿಂದಲೋ ರಾಸಾಯನಿಕವಾಗಿಯೋ ಮಾಡಿದ್ದು. ಹಳೆಯ ಚೀಟಿಗಳ ಅಂಟು ಹೆಚ್ಚಾಗಿ ಗೊಬ್ಬಳಿಯಂತಹ ಮರದ ಗೋಂದು, ಇಲ್ಲವೆ ಪಿಷ್ಟವನ್ನು ಹುರಿದು ಮಾಡಿದ ಡೆಕ್ಸ್‌ಟ್ರಿನ್.

ಈ ಮೂರರಲ್ಲಿ ಕಾಗದ ಮತ್ತು ಅಂಟು ಎರಡಕ್ಕೂ ನೀರಿನ ಮೇಲೆ ಬಹಳ ಆಸೆ. ಒಣಗಿದೆಯೆಂದು ನಾವು ತಿಳಿಯುವ ಸಾಧಾರಣ ಕಾಗದದಲ್ಲಿಯೂ ಅದರ ತೂಕದ ಶೇಕಡ 5ರಿಂದ 8ರಷ್ಟು ನೀರಿರುತ್ತದೆ. ಹವೆಯು ತೇವವಾದರೆ ಅದು ಇನ್ನಷ್ಟು ನೀರನ್ನು ಹೀರಿಕೊಳ್ಳುವುದು, ಒಣಗಿದರೆ ಬಿಟ್ಟುಕೊಡುವುದು. ಚೀಟಿಯ ಸುಖದುಃಖಗಳೆಲ್ಲ ಬಹುಮಟ್ಟಿಗೆ ಈ ಕೊಡುಕೊಳೆಯಲ್ಲಿ ಅಡಗಿವೆ.

ಕಣ್ಣಿಗೆ ಕಾಣದ ನೀರು

ಒಂದು ಘನ ಮೀಟರ್ ಹವೆಯು ಹಿಡಿದಿಡಬಲ್ಲ ನೀರಾವಿಗೆ ಒಂದು ಮಿತಿಯುಂಟು. ಉಷ್ಣತೆ ಏರಿದಂತೆ ಆ ಮಿತಿಯೂ ಏರುವುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 17.3 ಗ್ರಾಂ, 24 ಡಿಗ್ರಿಯಲ್ಲಿ 21.8 ಗ್ರಾಂ, 26 ಡಿಗ್ರಿಯಲ್ಲಿ 24.4 ಗ್ರಾಂ, 30 ಡಿಗ್ರಿಯಲ್ಲಿ 30.4 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ. ಹವೆಯಲ್ಲಿ ವಾಸ್ತವವಾಗಿ ಇರುವ ಆವಿಯು ಈ ಮಿತಿಯ ಶೇಕಡ ಎಷ್ಟು ಎಂಬುದೇ ಸಾಪೇಕ್ಷ ಆರ್ದ್ರತೆ. ಕಾಗದವು ಲಕ್ಷ್ಯವಿಡುವುದು ಗ್ರಾಂಗಳ ಲೆಕ್ಕಕ್ಕಲ್ಲ, ಈ ಶೇಕಡಾ ಲೆಕ್ಕಕ್ಕೆ.

ಈಗ ನಮ್ಮ ಟ್ರಂಕಿನ ಪ್ರಶ್ನೆಗೆ ಬರೋಣ. ಮಳೆಗಾಲದ ಒಂದು ದಿನ ಕೋಣೆಯ ಹವೆ 30 ಡಿಗ್ರಿಯಲ್ಲಿದ್ದು ಸಾಪೇಕ್ಷ ಆರ್ದ್ರತೆ ಶೇಕಡ 75 ಇದೆಯೆಂದಿಟ್ಟುಕೊಳ್ಳಿ. ಆಗ ಪ್ರತಿ ಘನ ಮೀಟರಿನಲ್ಲಿ ಇರುವ ಆವಿ 30.4 ಗ್ರಾಮಿನ ಮುಕ್ಕಾಲು, ಅಂದರೆ 22.8 ಗ್ರಾಂ. ನಮ್ಮ ಭಾಗದ ಮನೆಗಳ ನೆಲಕ್ಕೆ ಶಹಾಬಾದದ ಪರಸಿ ಕಲ್ಲನ್ನು ಹಾಸುವುದು ರೂಢಿ. ಅದು ಭೂಮಿಗೆ ಅಂಟಿಕೊಂಡಿರುವುದರಿಂದ ಕೋಣೆಯ ಹವೆಗಿಂತ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಮಲಗಿ ನಾವೆಲ್ಲರೂ ಸುಖಪಟ್ಟವರೇ. ಆ ನೆಲದ ಮೇಲೆ ಕುಳಿತ ಟ್ರಂಕಿನ ತಳವು 26 ಡಿಗ್ರಿಗೆ ಇಳಿದಿದೆಯೆನ್ನೋಣ. 22.8 ಗ್ರಾಮಿನ ಅದೇ ಹವೆ ಅಲ್ಲಿಗೆ ಬಂದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡ 93ಕ್ಕೆ ಏರುವುದು. ತಳವು 24 ಡಿಗ್ರಿಗೆ ಇಳಿದರೆ ಹವೆಯು 21.8 ಗ್ರಾಮನ್ನು ಮಾತ್ರ ಹಿಡಿಯಬಲ್ಲದು. ಉಳಿದ ಒಂದು ಗ್ರಾಂ ಇಬ್ಬನಿಯಾಗಿ ತಗಡಿನ ಮೇಲೆ ಕೂಡುವುದು. ಮೇಲಿನ ಆಲ್ಬಮ್ ಇದ್ದ ಕಡೆ ಅದೇ ಹೊತ್ತಿನಲ್ಲಿ ಆರ್ದ್ರತೆ 75ರ ಸುಮಾರಿನಲ್ಲಿಯೇ ಇದ್ದಿತು. ಸುತ್ತಲಿನ ಹತ್ತಿಬಟ್ಟೆ ಅದರಲ್ಲಿಯೂ ಒಂದಂಶವನ್ನು ತಾನೇ ಹೀರಿಕೊಂಡಿತು.

ಮುಚ್ಚಿದ ಟ್ರಂಕಿನೊಳಕ್ಕೆ ಹೊಸ ಆವಿ ಹೇಗೆ ಬರುವುದೆಂದು ಕೇಳಬಹುದು. ಟ್ರಂಕು ಉಸಿರಾಡುತ್ತದೆ. ಹಗಲು 10 ಡಿಗ್ರಿ ಕಾದರೆ ಒಳಗಿನ ಹವೆಯು ಶೇಕಡ 3ರಷ್ಟು ಹಿಗ್ಗಿ ಸಂದಿಯಿಂದ ಹೊರಕ್ಕೆ ಹೋಗುವುದು. ರಾತ್ರಿ ತಣಿದಾಗ ಅಷ್ಟೇ ಹೊರಗಿನ ತೇವದ ಹವೆ ಒಳಕ್ಕೆ ಬರುವುದು. ಇದರ ಜೊತೆಗೆ ಆವಿಯು ಸಂದಿಗಳ ಮೂಲಕ ತಾನಾಗಿಯೂ ಹರಡುವುದು. ಮೂರು ತಿಂಗಳ ಮಳೆಗಾಲದಲ್ಲಿ ಈ ಸಣ್ಣ ಸಣ್ಣ ಲೆಕ್ಕಗಳು ದೊಡ್ಡ ಮೊತ್ತವಾಗುವುವು.

ಸಾಪೇಕ್ಷ ಆರ್ದ್ರತೆ ಶೇಕಡ 65ನ್ನು ಮೀರಿ ಹಲವು ದಿನ ನಿಂತರೆ ಬೂಷ್ಟಿನ ಬೀಜಾಣುಗಳು ಮೊಳೆಯತೊಡಗುತ್ತವೆ. ಅಂಟು ಮೆತ್ತಗಾಗಿ ಎದುರಿನ ಹಾಳೆಯನ್ನು ಹಿಡಿಯುತ್ತದೆ. ತಳದ ಆಲ್ಬಮ್ ಇಟ್ಟಿಗೆಯಾದ ಬಗೆ ಇದು. ಅದೇ ಟ್ರಂಕಿನ ಕೆಳಗೆ ಎರಡು ಮರದ ಪಟ್ಟಿಗಳನ್ನಿಟ್ಟು ನೆಲದಿಂದ ನಾಲ್ಕು ಬೆರಳು ಎತ್ತರಿಸಿದ್ದರೆ, ಬಹುಶಃ ಎರಡು ಆಲ್ಬಮ್ಮುಗಳೂ ಉಳಿಯುತ್ತಿದ್ದವು.

ಚೀಟಿ ಸುರುಳಿಯಾಗುವುದೇಕೆ?

ಹೆಚ್ಚು ಆರ್ದ್ರತೆ ಕೆಟ್ಟದ್ದಾದರೆ ಎಷ್ಟು ಒಣಗಿಸಿದರೂ ಒಳ್ಳೆಯದೇ ಎಂದು ಭಾವಿಸಬಾರದು. ನಮ್ಮ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುತ್ತದೆ. ಹವೆ ಸುಡುಬಯಲಿನಂತೆ ಒಣಗಿರುತ್ತದೆ. ಆಗ ಬಳಸದ, ಅಂಟುಳ್ಳ ಚೀಟಿಯೊಂದನ್ನು ಮೇಜಿನ ಮೇಲೆ ಇಟ್ಟು ನೋಡಿ: ಅಂಟಿನ ಬೆನ್ನು ಒಳಗಾಗುವಂತೆ ಅದು ಸುರುಳಿಗೊಳ್ಳುವುದು.

ಇದರ ಕಾರಣ ನೀವು ಪ್ರಯೋಗಾಲಯದಲ್ಲಿ ಕಂಡ ದ್ವಿಲೋಹ ಪಟ್ಟಿಯದೇ. ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಕಾಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗದೆ ಪಟ್ಟಿಯು ಬಾಗುವುದು. ಚೀಟಿಯಲ್ಲಿ ಶಾಖದ ಬದಲು ತೇವವು ಕೆಲಸ ಮಾಡುವುದು. ನೀರು ಹೋದಾಗ ಅಂಟಿನ ಪದರವು ಕಾಗದಕ್ಕಿಂತ ಹೆಚ್ಚು ಕುಗ್ಗುವುದರಿಂದ ಚೀಟಿ ಅಂಟಿನ ಕಡೆಗೆ ಬಾಗುವುದು. ಕಾಗದದ ನಾರು ತೇವದಲ್ಲಿ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುವ ಕಾರಣ, ಸುರುಳಿಯು ಯಾವಾಗಲೂ ನಾರಿನ ದಿಕ್ಕನ್ನು ಅನುಸರಿಸುವುದು. ಹೀಗೆ ಸುರುಳಿಗೊಂಡ ಚೀಟಿಯನ್ನು ಬೆರಳಿನಿಂದ ಒತ್ತಿ ನೇರಮಾಡಲು ಹೋದರೆ ಒಣಗಿದ ಅಂಟು ಬಿರಿಯುವುದು. ಅದರೊಡನೆ ಕಾಗದದ ನಾರೂ ಬಿರಿಯುವುದು. ಅದನ್ನು ಮುಟ್ಟದೆ ಸಾಧಾರಣ ಹವೆಯಲ್ಲಿ ಒಂದು ದಿನ ಬಿಟ್ಟರೆ ಬಹುಮಟ್ಟಿಗೆ ತಾನೇ ಸಡಿಲವಾಗುವುದು.

ವರ್ಷವರ್ಷವೂ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವ ಚೀಟಿ, ಹಿಂದೆ ಮುಂದೆ ಬಾಗಿಸಿದ ತಂತಿಯಂತೆ ದಣಿಯುವುದು. ಆದ್ದರಿಂದ ನಮ್ಮ ಗುರಿ ಎರಡು: ಸಾಪೇಕ್ಷ ಆರ್ದ್ರತೆ ಶೇಕಡ 40ರಿಂದ 50ರ ನಡುವೆ ಇರಬೇಕು; ಅದಕ್ಕಿಂತಲೂ ಮುಖ್ಯವಾಗಿ, ಅದು ಬೇಗ ಬೇಗ ಏರಿಳಿಯಬಾರದು.

ಆಮ್ಲ, ಸುಣ್ಣಗಲ್ಲು ಮತ್ತು ಧೂಳು

ಹಳೆಯ ಆಲ್ಬಮ್ಮಿನ ಹಾಳೆ ಹಳದಿಯಾಗುವುದೂ ಮಡಿಸಿದರೆ ಮುರಿಯುವುದೂ ಆಮ್ಲದ ಫಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅಗ್ಗದ ಕಾಗದವನ್ನು ಮರದ ತಿರುಳಿನಿಂದ ಮಾಡುತ್ತ ಬಂದರು. ಮಸಿ ಹರಡದಿರಲೆಂದು ರಾಳವನ್ನೂ ಪಟಿಕವನ್ನೂ ಬೆರೆಸಿದರು. ಪಟಿಕವು ತೇವದಲ್ಲಿ ಆಮ್ಲವನ್ನು ಬಿಡುವುದು. ಆ ಆಮ್ಲವು ಸೆಲ್ಯುಲೋಸಿನ ಉದ್ದ ಸರಪಳಿಗಳನ್ನು ತುಂಡುತುಂಡು ಮಾಡುವುದು. ಮರದ ತಿರುಳಿನಲ್ಲಿರುವ ಲಿಗ್ನಿನ್ ಬೆಳಕಿನಲ್ಲಿ ಕಂದುಬಣ್ಣಕ್ಕೆ ತಿರುಗುವುದು. ಕೆಟ್ಟ ಹಾಳೆಯ ಮೇಲೆ ಕುಳಿತ ಒಳ್ಳೆಯ ಚೀಟಿಗೂ ಆಮ್ಲವು ದಾಟುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುವುದೆಂಬುದು ಸ್ಥೂಲವಾದ ನಿಯಮ; ಬಿಸಿಲಿಗೆ ಕಾಯುವ ಮಾಳಿಗೆಯ ಕೆಳಗಿನ ಅಟ್ಟವು ಆಲ್ಬಮ್ಮಿಗೆ ತಕ್ಕ ಸ್ಥಳವಲ್ಲವೆಂಬುದು ಇದರಿಂದಲೇ ಸ್ಪಷ್ಟ.

ಇದಕ್ಕೆ ಮದ್ದು ನಮ್ಮ ಕಾಲ ಕೆಳಗೇ ಇರುವ ವಸ್ತು. ಪರಸಿ ನೆಲದ ಮೇಲೆ ನಿಂಬೆಯ ರಸವೋ ಹುಣಿಸೆಯ ನೀರೋ ಬಿದ್ದರೆ ಅಲ್ಲಿ ಬಿಳಿಯ ಕಲೆ ಉಳಿಯುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಶಹಾಬಾದದ ಕಲ್ಲು ಸುಣ್ಣಗಲ್ಲು. ಅದರ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲವು ಸೋಂಕಿದೊಡನೆ ಅದು ಆಮ್ಲವನ್ನು ಉಪಶಮನಗೊಳಿಸಿ ತಾನು ಕರಗುವುದು. ಇದೇ ಕ್ಯಾಲ್ಸಿಯಂ ಕಾರ್ಬೊನೇಟನ್ನು ನಯವಾದ ಪುಡಿಯಾಗಿ ಶೇಕಡ 2-3ರಷ್ಟು ಬೆರೆಸಿ ಈಗ ಶಾಶ್ವತ ದಾಖಲೆಗಳಿಗೆ ಕಾಗದವನ್ನು ಮಾಡುವರು. ‘ಆಮ್ಲರಹಿತ’ ಕಾಗದವೆಂದು ಅಂಗಡಿಯಲ್ಲಿ ಕೇಳಿದರೆ ದೊರೆಯುತ್ತದೆ. ಲಿಗ್ನಿನ್ ಇಲ್ಲವೆಂಬುದನ್ನೂ ವಿಚಾರಿಸಿ ಕೊಳ್ಳಬೇಕು.

ಆದರೆ ಸುಣ್ಣಗಲ್ಲು ಬೇರೆ, ಅದನ್ನು ಸುಟ್ಟು ಮಾಡಿದ ಸಿಮೆಂಟು ಬೇರೆ. ವಾಡಿ, ಶಹಾಬಾದ, ಸೇಡಮಿನ ಸುತ್ತಮುತ್ತ ಸಿಮೆಂಟಿನ ಉದ್ಯಮ ಬೆಳೆದುದು ಈ ಕಲ್ಲಿನಿಂದಲೇ. ಸಿಮೆಂಟಿನ ಧೂಳು ತೇವಗೊಂಡರೆ ತೀಕ್ಷ್ಣವಾದ ಕ್ಷಾರವಾಗುವುದು. ಕೆಲವು ಬಣ್ಣಗಳು ಕ್ಷಾರದಲ್ಲಿ ಬದಲಾಗುವುವು. ಧೂಳಿನ ಕಣವು ಒರಟಾದುದರಿಂದ ಚೀಟಿಯ ಮುಖವನ್ನು ಉಜ್ಜುವುದು. ಆಲ್ಬಮ್ಮನ್ನು ತೆರೆದ ಕಪಾಟಿನಲ್ಲಿ ಇಡದೆ ಮುಚ್ಚಳವುಳ್ಳ ಪೆಟ್ಟಿಗೆಯಲ್ಲಿಡಬೇಕು. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುವುದು.

ಬೆಳಕು, ಪ್ಲಾಸ್ಟಿಕ್ ಮತ್ತು ಗುಳಿಗೆ

ಬೆಳಕಿನ ಹಾನಿಯು ಅದರ ತೀವ್ರತೆ ಮತ್ತು ಕಾಲಗಳ ಗುಣಲಬ್ಧವನ್ನು ಅನುಸರಿಸುವುದು. ವಸ್ತುಸಂಗ್ರಹಾಲಯಗಳಲ್ಲಿ ಇಂತಹ ಸೂಕ್ಷ್ಮ ವಸ್ತುಗಳಿಗೆ ಸುಮಾರು 50 ಲಕ್ಸ್ ಬೆಳಕನ್ನು ಮಿತಿಯಾಗಿಟ್ಟಿದ್ದಾರೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಬಿಸಿಲಿನ ಒಂದು ಗಂಟೆಯು ಪ್ರದರ್ಶನಾಲಯದ 2000 ಗಂಟೆಗಳಿಗೆ ಸಮ. ಬಿಸಿಲಿನ ಅತಿನೇರಳೆ ಕಿರಣಗಳ ಹಾನಿ ಈ ಲೆಕ್ಕದ ಮೇಲೆ ಬೇರೆ. ತೇವಗೊಂಡ ಆಲ್ಬಮ್ಮನ್ನು ಹಪ್ಪಳದಂತೆ ಬಿಸಿಲಿಗೆ ಹರಡುವುದು ಎಷ್ಟು ಅಪಾಯಕರವೆಂದು ಇದರಿಂದ ತಿಳಿಯಬಹುದು. ಒಣಗಿಸುವುದೇನಿದ್ದರೂ ನೆರಳಿನಲ್ಲಿ, ಗಾಳಿಯಾಡುವೆಡೆಯಲ್ಲಿ.

ಅಗ್ಗದ ಪ್ಲಾಸ್ಟಿಕ್ ಹಾಳೆಗಳು ಹೆಚ್ಚಾಗಿ ಪಿ.ವಿ.ಸಿ.ಯವು. ಅವುಗಳನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂತಹ ದ್ರವ್ಯ ಕಾಲಾಂತರದಲ್ಲಿ ಹೊರಗೆ ಒಸರಿ ಚೀಟಿಯ ಬಣ್ಣವನ್ನು ಎಳೆದುಕೊಳ್ಳುವುದು. ಪ್ಲಾಸ್ಟಿಕ್ ಕೆಡುತ್ತ ಆಮ್ಲವನ್ನೂ ಬಿಡುವುದು. ಪಾಲಿಯೆಸ್ಟರ್ ಹಾಳೆಯೇ ಎಲ್ಲಕ್ಕಿಂತ ಭದ್ರವಾದುದು, ಪಾಲಿಪ್ರೊಪಿಲೀನೂ ಆಗಬಹುದು.

ಹುಳುಗಳಿಗೆ ಹೆದರಿ ಡಾಂಬರ್ ಗುಳಿಗೆಯನ್ನು ಆಲ್ಬಮ್ಮಿನೊಡನೆ ಇಡುವ ರೂಢಿ ನಮ್ಮ ಮನೆಗಳಲ್ಲಿ ಬಹಳ. ಅದರ ಆವಿಯು ಮನುಷ್ಯರಿಗೂ ವಿಷಕರ. ಅದು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಚೀಟಿಗೆ ಅಂಟಿಸುವುದು. ಬೆಳ್ಳಿಹುಳಕ್ಕೆ ಬೇಕಾದುದು ತೇವವೂ ಗಂಜಿಯ ಅಂಟೂ. ತೇವವನ್ನು ತಡೆದು ಪೆಟ್ಟಿಗೆಯನ್ನು ಶುಚಿಯಾಗಿಟ್ಟರೆ ಗುಳಿಗೆಯ ಅವಶ್ಯಕತೆ ಬೀಳುವುದಿಲ್ಲ.

ಒಂದು ತಪ್ಪಿನ ಕಥೆ

ಇನ್ನು ಚೀಟಿಗಳನ್ನು ಹಳೆಯ ಪುಟದಿಂದ ಬಿಡಿಸಿ ಹೊಸ ಪುಟಕ್ಕೆ ಏರಿಸುವ ಮಾತು. ಅದಕ್ಕೆ ಮೊದಲು ನನ್ನ ತಪ್ಪೊಂದನ್ನು ಹೇಳಬೇಕು. ನಾನು ಹತ್ತು ವರ್ಷದವನಿದ್ದಾಗ ಮುತ್ಯಾ ತಮ್ಮ ಹಳೆಯ ಲಕೋಟೆಗಳ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು. ನಾನು ಕತ್ತರಿ ಹಿಡಿದು ಒಂದೊಂದು ಚೀಟಿಯನ್ನೂ ಕತ್ತರಿಸಿ, ಎಲ್ಲವನ್ನೂ ಒಂದೇ ಬೋಗುಣಿಯ ಬಿಸಿನೀರಿನಲ್ಲಿ ನೆನೆಸಿ, ಲಕೋಟೆಗಳನ್ನು ಒಲೆಗೆ ಹಾಕಿದೆ. ಬೋಗುಣಿಯ ನೀರು ನೇರಳೆಯಾಯಿತು. ಒಂದು ಲಕೋಟೆಯ ಬಣ್ಣವು ಹತ್ತಾರು ಚೀಟಿಗಳಿಗೆ ಇಳಿಯಿತು. ಮುದ್ರೆಯ ಅರ್ಧ ಚೀಟಿಯ ಮೇಲೂ ಅರ್ಧ ಲಕೋಟೆಯ ಮೇಲೂ ಇದ್ದುದರಿಂದ, ಯಾವುದು ಚಿತ್ತಾಪುರದ್ದು, ಯಾವುದು ಚಿಂಚೋಳಿಯದು ಎಂಬುದು ಅಂದಿಗೇ ಅಳಿಸಿಹೋಯಿತು. ಮುತ್ಯಾ ಬೈಯಲಿಲ್ಲ. ಅವರು ಬೋಗುಣಿಯನ್ನು ನೋಡಿ, ‘ಬರದಾವರ ಹೆಸರೂ ಹೋತಲ್ಲೋ’ ಎಂದಷ್ಟೇ ನುಡಿದರು.

ಆದ್ದರಿಂದ ಮೊದಲನೆಯ ನಿಯಮ: ಲಕೋಟೆಯ ಮೇಲಿರುವ ಚೀಟಿಯನ್ನು ಬಿಡಿಸಕೂಡದು. ಎರಡನೆಯ ನಿಯಮ: ಮತ್ತೆ ಹಿಂದಿನ ಸ್ಥಿತಿಗೆ ತರಲಾಗದ ಯಾವ ಕೆಲಸವನ್ನೂ ಮಾಡಕೂಡದು.

ಬಿಡಿಸುವ ಕ್ರಮ

ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಉತ್ತಮ; ಆಗ ಹವೆಯು ತೀರ ತೇವವೂ ಅಲ್ಲ, ತೀರ ಒಣಕಲೂ ಅಲ್ಲ. ಕೈ ತೊಳೆದು ಒರೆಸಿಕೊಳ್ಳಬೇಕು. ಆದರೂ ಬೆರಳಿನ ಬೆವರಿನಲ್ಲಿ ಉಪ್ಪೂ ಜಿಡ್ಡೂ ಇರುವುದರಿಂದ, ಚಪ್ಪಟೆ ಮೊನೆಯ ಚಿಮಟದಿಂದಲೇ ಚೀಟಿಯನ್ನು ಹಿಡಿಯತಕ್ಕದ್ದು. ಆಮೇಲೆ ಈ ಕ್ರಮವನ್ನು ಅನುಸರಿಸಬಹುದು.

1. ಪ್ರತಿಯೊಂದು ಪುಟದ ಛಾಯಾಚಿತ್ರವನ್ನು ತೆಗೆದಿಡಿ. ಹಳೆಯ ಸಂಗ್ರಾಹಕನು ಪುಟದ ಮೇಲೆ ಬರೆದ ಟಿಪ್ಪಣಿ, ತಾರೀಖು, ಬೆಲೆ ಎಲ್ಲವನ್ನೂ ಒಂದು ವಹಿಯಲ್ಲಿ ನಕಲು ಮಾಡಿ. ಅವನ ಜೋಡಣೆಯ ಕ್ರಮವೂ ಒಂದು ಸಾಕ್ಷ್ಯ.

2. ಬೂಷ್ಟು ಹಿಡಿದ ಪುಟಗಳನ್ನು ಕೂಡಲೇ ಬೇರೆ ಮಾಡಿ. ಅವನ್ನು ಮೊದಲು ನೆರಳಿನಲ್ಲಿ ಒಣಗಿಸಿ, ಆಮೇಲೆ ಮನೆಯ ಹೊರಗೆ, ಮೂಗಿಗೆ ಮುಖಗವಸು ಕಟ್ಟಿಕೊಂಡು, ಕುಂಚದಿಂದ ಬೂಷ್ಟನ್ನು ತೆಗೆಯಿರಿ. ಒದ್ದೆಯಿರುವಾಗ ಉಜ್ಜಿದರೆ ಅದು ನಾರಿನೊಳಕ್ಕೆ ಹೋಗುವುದು. ಕಂದು ಕಲೆಗಳನ್ನು ಬ್ಲೀಚಿಂಗ್ ಪುಡಿಯಿಂದ ತೊಳೆಯುವ ಆಸೆಯನ್ನು ಬಿಡಿ. ಕಲೆಯೊಡನೆ ಸೆಲ್ಯುಲೋಸೂ ಕರಗುವುದು.

3. ಹಿಂದಿನವರು ಚೀಟಿಗಳನ್ನು ಸಾಮಾನ್ಯವಾಗಿ ‘ಹಿಂಜ್’ ಎಂಬ ಮಡಿಸಿದ ಸಣ್ಣ ಅಂಟುಕಾಗದದಿಂದ ಪುಟಕ್ಕೆ ಹಚ್ಚುತ್ತಿದ್ದರು. ಅದು ಬಾಗಿಲಿನ ತಿರುಗಣೆಯಂತೆ ಕೆಲಸ ಮಾಡುತ್ತದೆ. ಅದನ್ನು ಪುಟದ ಕಡೆಯಿಂದ ಬಿಡಿಸಿ. ಚೀಟಿಯ ಬೆನ್ನಿಗೆ ಉಳಿದ ತುಣುಕು ಪೂರ್ತಿ ಒಣಗಿರುವಾಗ ಚಿಮಟದಿಂದ ನೆಲಮಟ್ಟಕ್ಕೆ ಎಳೆದರೆ ಸಲೀಸಾಗಿ ಬಂದರೆ ಬರಲಿ. ಸ್ವಲ್ಪವೇ ತಡೆದರೂ ನಿಲ್ಲಿಸಿಬಿಡಿ. ಹಿಂಜ್ ಉಳಿದ ಚೀಟಿಗಿಂತ ಬೆನ್ನು ಹರಿದ ಚೀಟಿ ಕಡೆ.

4. ಬಳಸದ ಚೀಟಿ ಪುಟಕ್ಕೆ ಅಂಟಿದ್ದರೆ ನೀರಿನಲ್ಲಿ ಹಾಕಬೇಡಿ, ಅಂಟು ಹೋಗುವುದು. ಮುಚ್ಚಳವುಳ್ಳ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆಯನ್ನು ಹಾಸಿ, ಅದಕ್ಕೆ ತಾಗದಂತೆ ಜಾಲರಿಯನ್ನಿಟ್ಟು, ಪುಟದ ಆ ತುಂಡನ್ನು ಚೀಟಿ ಮೇಲಾಗುವಂತೆ ಇಡಿ. ಹವೆಯ ತೇವ ಮಾತ್ರ ಅಂಟನ್ನು ನಿಧಾನವಾಗಿ ಸಡಿಲಿಸುವುದು. ಕಾಲು ಗಂಟೆಗೊಮ್ಮೆ ನೋಡುತ್ತಿರಿ, ರಾತ್ರಿಯೆಲ್ಲ ಬಿಡಬೇಡಿ. ಟ್ರಂಕಿನ ತಳದಲ್ಲಿ ನಮ್ಮನ್ನು ಕೆಡಿಸಿದ ಆವಿಯೇ ಇಲ್ಲಿ, ಅಳತೆಯಲ್ಲಿ, ನಮಗೆ ನೆರವಾಗುವುದು.

5. ಬಳಸಿದ ಬಿಡಿ ಚೀಟಿಗಳನ್ನು ಮಾತ್ರ ನೀರಿನಲ್ಲಿ ನೆನೆಸಬಹುದು. ನೀರು ಕೋಣೆಯ ಉಷ್ಣತೆಯಲ್ಲಿರಲಿ. ಬಣ್ಣದ ಕಾಗದದ ಮೇಲಿನವನ್ನೂ, ಕೆಂಪು ಅಥವಾ ನೇರಳೆ ಮುದ್ರೆಯುಳ್ಳವನ್ನೂ ಬೇರೆಯಿಡಿ. ಭಾರತದ ಕೆಲವು ಸಂಸ್ಥಾನಗಳ ಚೀಟಿಗಳು ನೀರಿನಲ್ಲಿ ಕರಗುವ ಬಣ್ಣದಿಂದ ಅಚ್ಚಾದವು. ಜಮ್ಮು-ಕಾಶ್ಮೀರದ ಮೊದಲ ಚೀಟಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಸಂಶಯವಿದ್ದರೆ ನೆನೆಸಬೇಡಿ. ನೆಂದ ಚೀಟಿ ತಾನೇ ಜಾರಿ ಬರುವವರೆಗೆ ಕಾದು, ಮಸಿ ಹೀರುವ ಕಾಗದದ ಮೇಲೆ ಮುಖ ಕೆಳಗಾಗಿ ಹರಡಿ, ಪೂರ್ತಿ ಒಣಗಿದ ಮೇಲೆ ಪುಸ್ತಕದ ಭಾರದ ಕೆಳಗೆ ಒಂದು ರಾತ್ರಿ ಇಡಿ.

ಹೊಸ ಪುಟ, ಹೊಸ ಸ್ಥಳ

ಹೊಸ ಪುಟವು ಆಮ್ಲರಹಿತವಾಗಿರಲಿ. ಬಳಸಿದ ಸಾಧಾರಣ ಚೀಟಿಗೆ ಒಳ್ಳೆಯ ಹಿಂಜ್ ಸಾಕು. ಅಂಟುಳ್ಳ ಚೀಟಿಗೆ ಪಾರದರ್ಶಕ ‘ಮೌಂಟ್’ ಎಂಬ ಸಂಚಿ ಮೇಲು. ಇದರಲ್ಲಿ ಚೀಟಿಗೆ ಏನೂ ಅಂಟುವುದಿಲ್ಲ. ಲಕೋಟೆಗಳನ್ನು ನಾಲ್ಕು ಮೂಲೆಗಳಲ್ಲಿ ಮಾತ್ರ ಪಾಲಿಯೆಸ್ಟರ್ ತ್ರಿಕೋನಗಳಿಂದ ಹಿಡಿಸಬೇಕು. ಪಾರದರ್ಶಕ ಅಂಟುಪಟ್ಟಿಯನ್ನು ಹರಿದ ಚೀಟಿಗೂ ಹಚ್ಚಬಾರದು. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿಯುವುದು.

ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ, ಬಿಗಿಯಿಲ್ಲದೆ ನಿಲ್ಲಿಸಿ. ಸ್ಥಳವು ಮನೆಯ ಒಳಗೋಡೆಯ ಬಳಿ, ನೆಲದಿಂದ ಮೊಣಕಾಲೆತ್ತರಕ್ಕೆ ಮೇಲಿರಲಿ. ಹೊರಗೋಡೆಯಾದರೆ ನಾಲ್ಕು ಬೆರಳು ಅಂತರ ಬಿಡಿ. ಕಬ್ಬಿಣದ ಕಪಾಟಾದರೆ ಆಲ್ಬಮ್ಮನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಳಗಿಡಿ. ರಟ್ಟು ತೇವದ ಏರಿಳಿತವನ್ನು ತಾನು ನುಂಗಿಕೊಳ್ಳುವುದು. ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಸಣ್ಣ ಚೀಲವನ್ನು, ಆರ್ದ್ರತಾಮಾಪಕವೊಂದರ ಜೊತೆಗೆ ಇಡಬಹುದು. ಮಾಪಕವಿಲ್ಲದೆ ಸಿಲಿಕಾ ಜೆಲ್ಲನ್ನು ಇಡುವುದು ಅಳತೆಯಿಲ್ಲದೆ ಔಷಧ ಕುಡಿಸಿದಂತೆ. ಎಲ್ಲಕ್ಕಿಂತ ಸುಲಭವಾದ ರಕ್ಷಣೆ ಎಂದರೆ ತಿಂಗಳಿಗೊಮ್ಮೆ, ಒಣಹವೆಯ ದಿನ, ಆಲ್ಬಮ್ಮನ್ನು ತೆರೆದು ಹಾಳೆ ತಿರುವುವುದು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಅಗ್ಗದ ಆರ್ದ್ರತಾಮಾಪಕಗಳು ಸುಳ್ಳು ಹೇಳುವುದುಂಟು. ಅದನ್ನು ಪರೀಕ್ಷಿಸಲು ಅಡಿಗೆಯ ಉಪ್ಪು ಸಾಕು. ಒಂದು ಬಾಟಲಿಯ ಮುಚ್ಚಳದಲ್ಲಿ ಉಪ್ಪನ್ನು ತುಂಬಿ, ಕರಗಿ ನೀರಾಗದಂತೆ ಕೆಲವೇ ಹನಿ ನೀರು ಹಾಕಿ ಕೆಸರಿನಂತೆ ಮಾಡಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹನ್ನೆರಡು ಗಂಟೆ ಇಡಿ. ಪರ್ಯಾಪ್ತ ಉಪ್ಪುನೀರಿನ ಮೇಲಿನ ಹವೆಯ ಸಾಪೇಕ್ಷ ಆರ್ದ್ರತೆ ಕೋಣೆಯ ಉಷ್ಣತೆಯಲ್ಲಿ ಯಾವಾಗಲೂ ಶೇಕಡ 75 ಇರುವುದು. ಮಾಪಕವು 70 ತೋರಿಸಿದರೆ ಅದರಲ್ಲಿ 5ರ ಕೊರತೆ ಇದೆಯೆಂದು ಬರೆದಿಟ್ಟುಕೊಳ್ಳಿ.

ಆಮೇಲೆ ಅದೇ ಮಾಪಕವನ್ನು ಒಂದು ದಿನ ಪರಸಿ ನೆಲದ ಮೇಲೆ, ಮರುದಿನ ಅದೇ ಹೊತ್ತಿಗೆ ಮೇಜಿನ ಮೇಲೆ, ಇನ್ನೊಂದು ದಿನ ಅಟ್ಟದಲ್ಲಿ ಇಟ್ಟು ಉಷ್ಣತೆಯನ್ನೂ ಆರ್ದ್ರತೆಯನ್ನೂ ಬರೆಯಿರಿ. ಕಾಡಿನ ಅಂಚಿನಲ್ಲಿರುವ ಚಿಂಚೋಳಿಯ ವಿದ್ಯಾರ್ಥಿಯೂ ವಾಡಿ ಜಂಕ್ಷನ್ನಿನ ವಿದ್ಯಾರ್ಥಿಯೂ ಒಂದೇ ವಾರ ಈ ಅಳತೆ ಮಾಡಿ ಹೋಲಿಸಿದರೆ, ಪಠ್ಯಪುಸ್ತಕದಲ್ಲಿಲ್ಲದ ಒಂದು ಪಾಠ ಇಬ್ಬರಿಗೂ ದೊರೆಯುವುದು.

ತಳದ ಆಲ್ಬಮ್ಮಿನಿಂದ ಒಂದು ಚಳಿಗಾಲವೆಲ್ಲ ದುಡಿದು ನಾನು ಬಿಡಿಸಿದ ಪುಟಗಳು ಹನ್ನೊಂದು. ಉಳಿದವನ್ನು ಒತ್ತಾಯಪಡಿಸದೆ ಹಾಗೆಯೇ ಒಣಗಿಸಿ ಇಟ್ಟಿದ್ದೇನೆ. ನನಗಿಂತ ಹೆಚ್ಚು ಬಲ್ಲವರು ಮುಂದೆ ಬಂದಾರು. ಬಿಡಿಸಿದ ಪುಟಗಳ ನಡುವೆ ಮಡಿಸಿಟ್ಟ ಒಂದು ಲಕೋಟೆ ದೊರೆಯಿತು. ಅದರ ಮೇಲೆ ಒಂದು ಆಣೆಯ ಚಾರ್‌ಮಿನಾರ್, ಅದರ ಮೇಲೆ ಅರ್ಧ ಮಾಸಿದ ಉರ್ದು ಮುದ್ರೆ, ಕೆಳಗೆ ಕನ್ನಡದಲ್ಲಿ ಮುತ್ಯಾನ ಹೆಸರು. ಹತ್ತು ವರ್ಷದ ಹುಡುಗನ ಕತ್ತರಿಗೆ ಸಿಗದೆ ಉಳಿದದ್ದು ಅದೊಂದೇ. ಈಗ ಅದು ಆಮ್ಲರಹಿತ ಪುಟದ ಮೇಲೆ, ನಾಲ್ಕು ಮೂಲೆಗಳ ಆಸರೆಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿದೆ. ಚೀಟಿಯನ್ನು ನಾನು ಬಿಡಿಸಿಲ್ಲ.